ತೊದಲಿದರೂ ಬರುತ್ತಾರೆ

ಪುಸ್ತಕದೊಳಗಿನ ಪಾತ್ರ ಎದ್ದು ಹೊರಗೆ ಬಂದುಬಿಟ್ಟರೆ ಹೇಗಿರುತ್ತದೆ ಎಂದು ಒಮ್ಮೆಯೂ ಯೋಚಿಸದ ಓದುಗರು ಕಡಿಮೆ. ಚಂದಮಾಮ ಓದಿಕೊಂಡು ಬೆಳೆದವರಿಗಂತೂ ಬೇತಾಳ ತನ್ನ ಮರ ಬಿಟ್ಟು ನಮ್ಮ ಹಿತ್ತಲಿನ ಹುಣಸೆಮರಕ್ಕೆ ಬಂದು ನೇತಾಡಿದರೆ ಏನು ಗತಿ ಎಂಬ ಭಯ ಒಂದಲ್ಲ ಒಂದು ರಾತ್ರಿ ಕಾಡಿಯೇ ಇರುತ್ತದೆ. ಈ ಆಸೆಯನ್ನೂ ಈ ಭಯವನ್ನೂ ಒಟ್ಟಿಗೆ ಹಿಡಿದು ಒಂದು ದೊಡ್ಡ ಸಾಹಸಕಥೆ ಬರೆದವರು ಜರ್ಮನಿಯ ಕಾರ್ನೆಲಿಯಾ ಫುಂಕೆ. 2003ರಲ್ಲಿ ಬಂದ ಆ ಕಾದಂಬರಿಯ ಹೆಸರು ಇಂಗ್ಲಿಷಿನಲ್ಲಿ ‘ಇಂಕ್‌ಹಾರ್ಟ್’, ಅಂದರೆ ಶಾಯಿಯ ಹೃದಯ. 2008ರಲ್ಲಿ ಅದು ಸಿನಿಮಾ ಕೂಡ ಆಯಿತು. ಮಕ್ಕಳಿಗೆಂದು ಬರೆದ ಪುಸ್ತಕ. ಆದರೆ ಕಳೆದ ಒಂದು ವರ್ಷದಿಂದ ನಮ್ಮ ಮನೆಯಲ್ಲಿ ಮೂರು ತಲೆಮಾರಿನವರು ಅದರ ಬಗ್ಗೆ ಜಗಳವಾಡುತ್ತಿದ್ದೇವೆ. ಹಾಗಾಗಿ ಇದನ್ನು ಬರೆಯಬೇಕೆನ್ನಿಸಿತು.

ಕಥೆ ಹೀಗಿದೆ. ಮೋ ಎಂಬುವನು ಹಳೆಯ ಪುಸ್ತಕಗಳಿಗೆ ಬೈಂಡ್ ಹಾಕುವ ಕಸುಬಿನವನು. ಅವನ ದನಿಗೆ ಒಂದು ವಿಚಿತ್ರ ಶಕ್ತಿ. ಅವನು ಗಟ್ಟಿಯಾಗಿ ಓದಿದರೆ ಓದಿದ್ದು ಪುಟದಿಂದ ಎದ್ದು ಬರುತ್ತದೆ. ಒಂದು ಸಂಜೆ ಹೆಂಡತಿ ರೇಸಾಳಿಗೆ ‘ಇಂಕ್‌ಹಾರ್ಟ್’ ಎಂಬ ಪುಸ್ತಕವನ್ನು ಓದಿ ಹೇಳುತ್ತಿರುವಾಗ ಅದರೊಳಗಿನ ಖಳ ಕ್ಯಾಪ್ರಿಕಾರ್ನ್, ಅವನ ಬಂಟ ಬಾಸ್ಟಾ, ಬೆಂಕಿಯಾಟದ ಡಸ್ಟ್‌ಫಿಂಗರ್ ಮೂವರೂ ಅವನ ಮನೆಯ ನಡುವೆ ಬಂದು ನಿಲ್ಲುತ್ತಾರೆ. ಅವರು ಬಂದ ಗಳಿಗೆಯಲ್ಲೇ ರೇಸಾ ಮಾಯವಾಗುತ್ತಾಳೆ. ಜೊತೆಗೆ ಮನೆಯ ಎರಡು ಬೆಕ್ಕುಗಳು. ಆಗ ಮಗಳು ಮೆಗ್ಗಿಗೆ ಮೂರು ವರ್ಷ. ಮುಂದೆ ಮೋ ಮಗಳಿಗೆ ಒಂದೇ ಒಂದು ಕಥೆಯನ್ನೂ ಗಟ್ಟಿಯಾಗಿ ಓದಿ ಹೇಳುವುದಿಲ್ಲ. ಮನೆ ತುಂಬ ಪುಸ್ತಕ, ಅಪ್ಪನಿಗೆ ಪುಸ್ತಕವೆಂದರೆ ಜೀವ, ಆದರೂ ಓದಿ ಹೇಳುವುದಿಲ್ಲ. ಮೆಗ್ಗಿಗೆ ಹನ್ನೆರಡು ತುಂಬಿದಾಗ ಒಂದು ಮಳೆಯ ರಾತ್ರಿ ಡಸ್ಟ್‌ಫಿಂಗರ್ ಬಾಗಿಲಿಗೆ ಬರುತ್ತಾನೆ, ಅಲ್ಲಿಂದ ಸಾಹಸ ಶುರುವಾಗುತ್ತದೆ.

ಮಾಂತ್ರಿಕ ಕಥೆಗಳಲ್ಲಿ ಮಂತ್ರಕ್ಕಿಂತ ಮಂತ್ರದ ನಿಯಮ ನನಗೆ ಹೆಚ್ಚು ಇಷ್ಟ. ಫುಂಕೆಯವರ ನಿಯಮಗಳು ಮೂರು. ಒಂದು, ಕಣ್ಣಲ್ಲಿ ಓದಿದರೆ ಏನೂ ಆಗದು, ಬಾಯಲ್ಲಿ ಓದಬೇಕು. ಎರಡು, ಏನೋ ಹೊರಗೆ ಬಂದರೆ ಇಲ್ಲಿಂದ ಏನೋ ಒಳಗೆ ಹೋಗಬಹುದು, ಏನು ಹೋಗುತ್ತದೆ ಎನ್ನುವುದು ಓದುವವನ ಕೈಯಲ್ಲಿಲ್ಲ. ಮೂರು, ಓದು ಹೇಗಿರುತ್ತದೋ ಬರುವವರೂ ಹಾಗೇ ಇರುತ್ತಾರೆ. ಈ ಮೂರನೆಯ ನಿಯಮ ಕಥೆಗೆ ಬರುವುದು ಡೇರಿಯಸ್ ಎಂಬ ಬಡಪಾಯಿಯ ಮೂಲಕ. ಕ್ಯಾಪ್ರಿಕಾರ್ನ್ ತನ್ನ ಹಳೆಯ ಲೋಕದಿಂದ ಬಂಟರನ್ನು ಕರೆಸಿಕೊಳ್ಳಲು ಇವನನ್ನು ಹಿಡಿದು ತಂದು ಓದಿಸುತ್ತಾನೆ. ಡೇರಿಯಸ್‌ಗೂ ಮೋನ ಶಕ್ತಿಯೇ ಇದೆ, ಆದರೆ ಹೆದರಿಕೆಗೆ ನಾಲಗೆ ತೊದಲುತ್ತದೆ. ಅವನು ಓದಿ ಕರೆತಂದವರೆಲ್ಲ ಏನಾದರೊಂದು ಊನದೊಂದಿಗೆ ಬರುತ್ತಾರೆ. ಒಬ್ಬನ ಮೂಗು ಚಪ್ಪಟೆ. ರೇಸಾಳನ್ನು ಮರಳಿ ಹೊರಗೆ ಕರೆತಂದವನೂ ಇವನೇ. ಅವಳು ಬಂದಳು, ಆದರೆ ದನಿ ಕಳೆದುಕೊಂಡು ಬಂದಳು.

ನಮ್ಮ ಮನೆಗೆ ಈ ಪುಸ್ತಕ ಬಂದದ್ದು ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಯಿಂದ. ಮಗಳಿಗೂ ಆಗ ಹನ್ನೆರಡು. ಮೆಗ್ಗಿಯದೇ ವಯಸ್ಸು ಎಂಬ ಒಂದೇ ಕಾರಣಕ್ಕೆ ಮುಗಿಬಿದ್ದು ಓದಿದಳು. ಆಮೇಲೆ ಮನೆಯವರಿಗೆಲ್ಲ ಪ್ರಶ್ನೆ: “ನೀವಾಗಿದ್ರೆ ಯಾರನ್ನ ಹೊರಗೆ ಕರೀತಿದ್ರಿ?” ನಾನು ಒಂದೆರಡು ಹೆಸರು ಹೇಳಿದೆ. ನನ್ನ ಗಂಡ ಕಾರಂತರ ನಾಯಿ ‘ಕಿವಿ’ ಅಂದರು, ಕೂಡಲೇ ಅದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯ ನಾಯಿ ಎಂದು ತಾವೇ ತಿದ್ದಿಕೊಂಡರು. ಅಮ್ಮನ ಸರದಿ ಬಂತು. ಅಮ್ಮ ಜಪಮಣಿ ಪಕ್ಕಕ್ಕಿಟ್ಟು ಹೇಳಿದರು: “ಯಾರೂ ಬೇಡ. ಬಂದೋರಿಗೆ ಅನ್ನ ಹಾಕೋರು ಯಾರು? ರಾತ್ರಿ ಎಲ್ಲಿ ಮಲಗಿಸ್ತೀಯ?”

ಮಗಳು ನಕ್ಕಳು. ಆದರೆ ಫುಂಕೆಯವರ ಕಾದಂಬರಿಯ ಅರ್ಧ ಭಾರ ನಿಂತಿರುವುದು ಈ ಪ್ರಶ್ನೆಯ ಮೇಲೆಯೇ. ಡಸ್ಟ್‌ಫಿಂಗರ್ ಬಂದು ಒಂಬತ್ತು ವರ್ಷವಾದರೂ ಈ ಲೋಕ ಅವನಿಗೆ ಒಗ್ಗುವುದಿಲ್ಲ. ಇಲ್ಲಿನ ಸದ್ದು, ಇಲ್ಲಿನ ವೇಗ, ಇಲ್ಲಿನ ಬೆಂಕಿ ಯಾವುದೂ ಅವನದಲ್ಲ. ಅವನಿಗೆ ಮನೆಗೆ ಹೋಗಬೇಕು. ಆ ಮನೆ ಇರುವುದು ಒಂದು ಪುಸ್ತಕದೊಳಗೆ, ಆ ಪುಸ್ತಕದ ಪ್ರತಿಗಳನ್ನೆಲ್ಲ ಹುಡುಕಿ ಹುಡುಕಿ ಕ್ಯಾಪ್ರಿಕಾರ್ನ್ ಸುಡುತ್ತಿದ್ದಾನೆ. ತನ್ನನ್ನು ಯಾರೂ ವಾಪಸು ಕಳಿಸಬಾರದಲ್ಲ. ಊರು ಬಿಟ್ಟು ಮಕ್ಕಳ ಜೊತೆ ಬೆಂಗಳೂರಿನ ಮೂರನೇ ಮಹಡಿಗೆ ಬಂದು ಸೇರಿದ ಯಾವ ಹಿರಿಯರಿಗಾದರೂ ಡಸ್ಟ್‌ಫಿಂಗರ್‌ನ ಸಂಕಟ ವಿವರಿಸಿ ಹೇಳಬೇಕಾಗಿಲ್ಲ.

ಅಮ್ಮ ನಮ್ಮಲ್ಲಿಗೆ ಬಂದು ಎರಡು ವರ್ಷವಾಯಿತು. ಗ್ಲಾಕೋಮಾ. ಹೋದ ದೃಷ್ಟಿ ಮರಳಿ ಬರುವ ಕಾಯಿಲೆ ಅಲ್ಲ ಅದು. ಈಗ ಕಿಟಕಿ ಎಲ್ಲಿದೆ ಎಂದು ತಿಳಿಯುವಷ್ಟು ಬೆಳಕು ಉಳಿದಿದೆ, ಅಕ್ಷರ ಉಳಿದಿಲ್ಲ. ತಿಪಟೂರಿನ ಮನೆ ಖಾಲಿ ಮಾಡುವಾಗ ಪಾತ್ರೆ ಪಡಗ ಎಲ್ಲ ಯಾರಿಗಾದರೂ ಕೊಡಿ ಎಂದವರು ಒಂದು ಕಬ್ಬಿಣದ ಟ್ರಂಕನ್ನು ಮಾತ್ರ ಬಿಡಲಿಲ್ಲ. ಅದರಲ್ಲಿದ್ದವು ಒಂಬತ್ತು ಬೈಂಡು ಪುಸ್ತಕಗಳು. ಅಂಗಡಿಯಲ್ಲಿ ಕೊಂಡವಲ್ಲ, ಅಮ್ಮನೇ ಮಾಡಿದವು.

ಈಗಿನ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ‘ಸುಧಾ’, ‘ಪ್ರಜಾಮತ’ದಂಥ ವಾರಪತ್ರಿಕೆಗಳಲ್ಲಿ ಆಗ ಕಾದಂಬರಿಗಳು ಧಾರಾವಾಹಿಯಾಗಿ ಬರುತ್ತಿದ್ದವು. ಮನೆಯ ಹೆಂಗಸರು ಮನೆಯವರೆಲ್ಲ ಓದಿ ಮುಗಿಸುವವರೆಗೆ ಕಾದು, ಪಿನ್ನು ಬಿಚ್ಚಿ, ಆ ವಾರದ ಕಂತಿನ ಹಾಳೆಗಳನ್ನು ಮಾತ್ರ ತೆಗೆದಿಡುತ್ತಿದ್ದರು. ಧಾರಾವಾಹಿ ಮುಗಿದ ಮೇಲೆ ಎಲ್ಲ ಕಂತುಗಳನ್ನು ಜೋಡಿಸಿ ದಬ್ಬಣದಲ್ಲಿ ತೂತು ಮಾಡಿ ದಾರ ಹೊಲಿಯುವುದು. ಸೀರೆಯ ಪೆಟ್ಟಿಗೆಯ ರಟ್ಟು ಕತ್ತರಿಸಿ ಮೈದಾ ಅಂಟಿನಲ್ಲಿ ಅಂಟಿಸುವುದು. ಹುಳ ಹಿಡಿಯದಿರಲೆಂದು ಅಂಟಿಗೆ ಚಿಟಿಕೆ ಮೈಲುತುತ್ತ. ಮೇಲೊಂದು ಹಳೆಯ ಕ್ಯಾಲೆಂಡರಿನ ಹಾಳೆ. ಅಮ್ಮನ ಪುಸ್ತಕಗಳ ಒಳರಟ್ಟಿನಲ್ಲಿ ಪೆನ್ಸಿಲಿನಲ್ಲಿ ಬರೆದ ಪಟ್ಟಿಯಿದೆ: ಯಾವ ಮನೆಗೆ ಕೊಟ್ಟದ್ದು, ಯಾವಾಗ ವಾಪಸು ಬಂದದ್ದು. ಒಂದು ಪುಸ್ತಕ 23 ಮನೆ ಸುತ್ತಿ ಬಂದಿದೆ. ಮೋ ಬೈಂಡರ್ ಎಂದು ಮಗಳು ಓದಿ ಹೇಳಿದಾಗ ಅಮ್ಮ ಮೊದಲು ಕೇಳಿದ್ದು ಮಂತ್ರದ ವಿಷಯವಲ್ಲ, “ಅಂಟಿಗೆ ಏನು ಹಾಕ್ತಾನಂತೆ?” ಎಂದು.

ಇದೇ ಹೊತ್ತಿಗೆ ನಾನು ಇನ್ನೊಂದು ಕಾದಂಬರಿ ಓದುತ್ತಿದ್ದೆ. ಅಮೆರಿಕದ ಜಿಮ್ ಸಿ. ಹೈನ್ಸ್ 2012ರಲ್ಲಿ ಬರೆದ ‘ಲಿಬ್ರಿಯೋಮ್ಯಾನ್ಸರ್’. ಇಲ್ಲಿಯೂ ಮಂತ್ರ ಇರುವುದು ಪುಸ್ತಕದಲ್ಲೇ, ಆದರೆ ನಿಯಮ ಬೇರೆ. ನಾಯಕ ಐಸಾಕ್ ಮಿಶಿಗನ್ನಿನ ಒಂದು ಸಣ್ಣ ಊರಿನ ಗ್ರಂಥಪಾಲಕ. ಅವನು ಪುಟದೊಳಗೆ ಕೈ ಹಾಕಿ ಕಥೆಯಲ್ಲಿರುವ ವಸ್ತುಗಳನ್ನು ಹೊರಗೆ ತೆಗೆಯಬಲ್ಲ. ಪುಟದ ಅಳತೆಯಲ್ಲಿ ಹಿಡಿಸುವ ವಸ್ತು ಮಾತ್ರ ಹೊರಗೆ ಬರುತ್ತದೆ. ಒಂದೇ ಪುಸ್ತಕವನ್ನು ಮಿತಿಮೀರಿ ಬಳಸಿದರೆ ಅದರ ಹಾಳೆಗಳು ಸುಟ್ಟು ಕರಿಕಾಗುತ್ತವೆ. ತೀರಾ ಅಪಾಯದ ಪುಸ್ತಕಗಳಿಗೆ ಬೀಗ ಹಾಕಲಾಗುತ್ತದೆ. ಈ ವಿದ್ಯೆಯನ್ನು ಕಂಡುಹಿಡಿದವನು ಬೇರೆ ಯಾರೂ ಅಲ್ಲ, ಅಚ್ಚುಮೊಳೆಯ ಗುಟೆನ್‌ಬರ್ಗ್. ಕಾದಂಬರಿಯಲ್ಲಿ ಆತ ಇನ್ನೂ ಬದುಕಿದ್ದಾನೆ. ಅವನಿಂದಲೇ ಏಕೆ ಶುರು? ಏಕೆಂದರೆ ಹೈನ್ಸ್ ಪ್ರಕಾರ ಪುಸ್ತಕಕ್ಕೆ ಶಕ್ತಿ ಬರುವುದು ಓದುಗರ ನಂಬಿಕೆಯಿಂದ. ಒಂದೇ ಅಚ್ಚಿನ ನೂರಾರು ಸಾವಿರಾರು ಪ್ರತಿಗಳನ್ನು ನೂರಾರು ಸಾವಿರಾರು ಮಂದಿ ಓದಿ, ಒಂದೇ ವಸ್ತುವನ್ನು ಮನಸ್ಸಿನಲ್ಲಿ ಕಂಡರೆ, ಆ ನಂಬಿಕೆಯೆಲ್ಲ ಸೇರಿ ವಸ್ತು ನಿಜವಾಗುವಷ್ಟು ಗಟ್ಟಿಯಾಗುತ್ತದೆ. ಕೈಬರಹದ ಕಾಲದಲ್ಲಿ ಒಂದರ ಹಾಗೆ ಇನ್ನೊಂದು ಪ್ರತಿ ಇರಲಿಲ್ಲ, ಆದ್ದರಿಂದ ಈ ಮಂತ್ರವೂ ಇರಲಿಲ್ಲ.

ಬಹಳ ಜಾಣ ಕಲ್ಪನೆ. ಓದುವಾಗ ಖುಷಿಯಾಯಿತು. ಪುಸ್ತಕ ಮುಚ್ಚಿಟ್ಟ ಮೇಲೆ ಸಣ್ಣಗೆ ಹೊಟ್ಟೆ ಉರಿಯಿತು. ಈ ಲೆಕ್ಕ ನಮ್ಮಂಥ ಭಾಷೆಯವರಿಗೆ ಕಟ್ಟುವುದು ಹೇಗೆ? ಮೊದಲ ಮುದ್ರಣ ಸಾವಿರ ಪ್ರತಿ, ಅದು ಖಾಲಿಯಾಗಲು ನಾಲ್ಕು ವರ್ಷ ಎಂದು ನಮ್ಮ ಪ್ರಕಾಶಕರು ನಿಟ್ಟುಸಿರು ಬಿಡುವುದನ್ನು ಕೇಳಿದ್ದೇವೆ. ಹೈನ್ಸ್ ಅವರ ಗ್ರಂಥಪಾಲಕ ಇಂಗ್ಲಿಷಿನ ಜನಪ್ರಿಯ ಕಾದಂಬರಿಯಿಂದ ಕಿರಣ ಬಂದೂಕನ್ನೇ ತೆಗೆಯಬಲ್ಲನಾದರೆ, ನಾವು ನಮ್ಮ ಕವನಸಂಕಲನಗಳಿಂದ ಒಂದು ಗುಂಡುಸೂಜಿ ತೆಗೆಯಬಹುದೇನೋ! ಅದರಲ್ಲೂ ಅಮ್ಮನ ಬೈಂಡು ಪುಸ್ತಕಗಳ ಸ್ಥಿತಿ ವಿಚಿತ್ರ. ಆ ಹಾಳೆಗಳು ಒಂದು ಕಾಲಕ್ಕೆ ವಾರವಾರವೂ ಸಾವಿರಾರು ಮನೆಗಳಲ್ಲಿ ಏಕಕಾಲಕ್ಕೆ ಓದಿಸಿಕೊಂಡವು. ಪತ್ರಿಕೆ ಬಂತೆಂದರೆ ಊರೂರುಗಳಲ್ಲಿ ಹೆಂಗಸರು ಒಂದೇ ನಾಯಕಿಯ ಬಗ್ಗೆ ಚಿಂತಿಸಿದರು. ಹೈನ್ಸ್ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಶಕ್ತಿ ಬೇಕೆ? ಆದರೆ ಆ ಪ್ರತಿಗಳೆಲ್ಲ ಕಡಲೆಕಾಯಿ ಪೊಟ್ಟಣವಾಗಿ ಹೋದವು. ಉಳಿದದ್ದು ಇಂಥ ಟ್ರಂಕುಗಳಲ್ಲಿ. ಕ್ಯಾಪ್ರಿಕಾರ್ನ್ ಹಾಗೆ ಯಾರೂ ಸುಡಬೇಕಾಗಿ ಬರಲಿಲ್ಲ. ಓದುವವರಿಲ್ಲದಿದ್ದರೆ ಸಾಕು.

ಆಗ ನನಗೆ ಫುಂಕೆಯವರ ಮೊದಲ ನಿಯಮ ನೆನಪಾಯಿತು. ಅಲ್ಲಿ ಎಣಿಕೆಯ ಮಾತೇ ಇಲ್ಲ. ಎಷ್ಟು ಪ್ರತಿ ಅಚ್ಚಾಯಿತು, ಎಷ್ಟು ಮಂದಿ ಓದಿದರು ಎಂದು ಯಾರೂ ಕೇಳುವುದಿಲ್ಲ. ಉಳಿದಿರುವುದು ಒಂದೇ ಪ್ರತಿಯಾದರೂ ಸಾಕು, ಒಂದು ಬಾಯಿ, ಕೇಳಲು ಒಂದು ಕಿವಿ. ಜರ್ಮನ್ ಮೂಲದಲ್ಲಿ ಮೋಗೆ ಇರುವ ಅಡ್ಡಹೆಸರಿನ ಅರ್ಥ ‘ಮಾಯದ ನಾಲಗೆ’ ಎಂದು. ಇದು ನಮಗೆ ಹೊಸ ವಿಷಯವೂ ಅಲ್ಲ. ಗದುಗಿನ ಭಾರತ ಶತಮಾನಗಳ ಕಾಲ ಊರೂರಿಗೆ ತಲುಪಿದ್ದು ಸಾವಿರ ಪ್ರತಿ ಅಚ್ಚಾಗಿ ಅಲ್ಲ. ಒಬ್ಬರು ರಾಗವಾಗಿ ಓದುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು, ಜಗುಲಿಯ ತುಂಬ ಜನ ಕೂತು ಕೇಳುತ್ತಿದ್ದರು. ಗಮಕದಲ್ಲಿ ವಾಚನಕ್ಕೊಬ್ಬರು, ವ್ಯಾಖ್ಯಾನಕ್ಕೊಬ್ಬರು ಇರುವುದು ಇಂದಿಗೂ ಪದ್ಧತಿ. ಹಾಗೆ ಕೇಳಿದವರಲ್ಲಿ ಅಕ್ಷರ ಬಾರದವರೇ ಹೆಚ್ಚಿದ್ದ ಕಾಲವೂ ಇತ್ತು. ಅವರ ಪಾಲಿಗೆ ಭೀಮ ಹೊರಗೆ ಬರುತ್ತಿರಲಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ.

ಅಮ್ಮನಿಗೆ ಓದಿ ಹೇಳುವ ಕೆಲಸ ಮೊದಲು ನನ್ನದಾಗಿತ್ತು. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ. ನನ್ನ ಓದಿನ ಬಗ್ಗೆ ಅಮ್ಮನ ತೀರ್ಪು ಒಂದೇ ಸಾಲಿನದು: “ನೀನು ಓದೋದು ರೇಡಿಯೋ ವಾರ್ತೆ ಇದ್ದ ಹಾಗಿರತ್ತೆ ಕಣೇ. ತಪ್ಪಿಲ್ಲ. ಆದ್ರೆ ಯಾರಿಗೂ ಏನೂ ಆಗ್ತಿಲ್ಲ ಅನ್ಸತ್ತೆ.” ಆಮೇಲೆ ನನ್ನ ಕೆಲಸದ ಪಾಳಿ ಬದಲಾಗಿ ರಾತ್ರಿಯ ಮೀಟಿಂಗುಗಳು ಶುರುವಾದವು. ಆ ಅರ್ಧ ಗಂಟೆ ಮಗಳ ಪಾಲಿಗೆ ಬಂತು.

ಮಗಳು ಓದುವುದು ಇಂಗ್ಲಿಷ್ ಮಾಧ್ಯಮದಲ್ಲಿ, ಕನ್ನಡ ಅವಳಿಗೆ ಎರಡನೆಯ ಭಾಷೆ. ಮಾತು ಸರಾಗ, ಓದು ಹಾಗಲ್ಲ. ಒತ್ತಕ್ಷರ ಬಂತೆಂದರೆ ಹಂಪ್ ಕಂಡ ಆಟೋ ಹಾಗೆ ನಿಂತು, ಹತ್ತಿ, ಇಳಿದು ಮುಂದೆ ಹೋಗಬೇಕು. ಳಕಾರ ಲಕಾರಗಳ ಭೇದವಿಲ್ಲ. ಮೊದಲ ದಿನವೇ ಕಥೆಯ ನಾಯಕಿ ರಜೆಗೆ ತನ್ನ ಹಲ್ಲಿಗೆ ಹೊರಟಳು. ಅಮ್ಮ “ಎಲ್ಲಿಗೆ?” ಅಂದರು. “ಹಲ್ಲಿಗೆ.” “ಹಳ್ಳಿ! ಗೋಡೆ ಮೇಲಿರೋದು ಹಲ್ಲಿ.” ಎರಡನೆಯ ಪುಟದಲ್ಲಿ ‘ದೃಷ್ಟಿ’ ಮೂರು ತುಂಡಾಯಿತು. ಮೂರನೆಯ ಪುಟದಲ್ಲಿ ‘ಸ್ವಾತಂತ್ರ್ಯ’ ಸಿಗಲೇ ಇಲ್ಲ. ಅಮ್ಮ ಶಾಲೆಯ ಮೆಟ್ಟಿಲು ಏಳನೆಯ ತರಗತಿಗೇ ಇಳಿದವರು, ಆದರೆ ಉಚ್ಚಾರದ ವಿಷಯದಲ್ಲಿ ಪಂಡಿತರಿಗಿಂತ ಬಿಗಿ. ಪ್ರತಿ ಶಬ್ದಕ್ಕೂ ತಿದ್ದಿದರು. ವಾರ ಕಳೆಯುವಷ್ಟರಲ್ಲಿ ಮಗಳಿಗೆ ರಾತ್ರಿ ಎಂಟೂವರೆಯಾದರೆ ಹೊಟ್ಟೆನೋವು ಬರಲು ಶುರುವಾಯಿತು. ಇಲ್ಲದ ಹೋಮ್‌ವರ್ಕ್ ನೆನಪಾಗತೊಡಗಿತು.

ಒಂದು ದಿನ ಕೇಳಿದೆ. ಅವಳು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. “ಅಮ್ಮಾ, ನಾನು ಮೋ ಅಲ್ಲ, ಮೆಗ್ಗಿನೂ ಅಲ್ಲ. ನಾನು ಡೇರಿಯಸ್. ನಾನು ಓದಿದ್ರೆ ಅಜ್ಜಿ ಪುಸ್ತಕದಲ್ಲಿ ಇರೋರೆಲ್ಲ ಕೈ ಕಾಲು ಮುರ್ಕೊಂಡು ಬರ್ತಾರೆ” ಎಂದಳು.

ಹನ್ನೆರಡು ವರ್ಷದ ಹುಡುಗಿಯ ಬಾಯಲ್ಲಿ ಆ ಮಾತು ಕೇಳಿ ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಏಕೆಂದರೆ ಅದು ಅವಳೊಬ್ಬಳ ಮಾತಾಗಿರಲಿಲ್ಲ. ಬೆಂಗಳೂರಿನಲ್ಲೋ, ಮುಂಬೈಯಲ್ಲೋ, ನ್ಯೂಜೆರ್ಸಿಯಲ್ಲೋ ಕನ್ನಡ ಮಾತಾಡುತ್ತ, ಕನ್ನಡ ಓದಲು ಮಾತ್ರ ಹಿಂಜರಿಯುವ ಎಷ್ಟೋ ಮಕ್ಕಳ ಒಳಮಾತು ಅದು. ಬರುವುದಿಲ್ಲ ಎಂದಲ್ಲ. ತಪ್ಪಾದರೆ ಎಂಬ ಹೆದರಿಕೆ. ಕೆಟ್ಟದಾಗಿ ಓದಿ ಕೆಡಿಸುವುದಕ್ಕಿಂತ ಓದದಿರುವುದೇ ಮೇಲು ಎಂಬ ತೀರ್ಮಾನ.

ಆ ರಾತ್ರಿ ಅಮ್ಮನಿಗೆ ಡೇರಿಯಸ್‌ನ ಕಥೆಯನ್ನು ಪೂರ್ತಿ ಹೇಳಿದೆ. ಚಪ್ಪಟೆ ಮೂಗಿನವನ ಕಥೆ, ರೇಸಾ ದನಿಯಿಲ್ಲದೆ ಬಂದ ಕಥೆ. ಅಮ್ಮ ಕೇಳಿಸಿಕೊಂಡು, “ಅವನನ್ನ ಹೆದರಿಸಿದ್ದು ಯಾರು?” ಎಂದರು.

“ಕ್ಯಾಪ್ರಿಕಾರ್ನ್. ಆ ಕಳ್ಳರ ನಾಯಕ.”

ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಾಗಾದ್ರೆ ಈ ಮನೇಲಿ ಆ ಕಳ್ಳ ನಾನೇ ಅನ್ನು.” ನಾನು ಇಲ್ಲ ಎನ್ನಲು ಹೊರಟೆ. ಅವರು ಬಿಡಲಿಲ್ಲ. “ಆ ಹೆಂಗಸು ಮಾತಿಲ್ದೆ ಬಂದ್ಲಲ್ಲ, ಗಂಡ ಏನಂದ?”

“ಏನೂ ಅನ್ಲಿಲ್ಲಮ್ಮ. ಬಂದ್ಲಲ್ಲ, ಅಷ್ಟು ಸಾಕು ಅನ್ನೋ ಹಾಗೆ ಇದ್ದ.”

“ಹೂಂ” ಎಂದು ಮಗ್ಗುಲು ಬದಲಿಸಿ ಮಲಗಿದರು.

ಮರುದಿನದಿಂದ ಒಂದು ಒಪ್ಪಂದವಾಯಿತು. ಪುಟ ಮುಗಿಯುವವರೆಗೆ ಅಜ್ಜಿ ಬಾಯಿ ಬಿಡುವಂತಿಲ್ಲ. ಮುಗಿದ ಮೇಲೆ ಮೂರು ಶಬ್ದ ಮಾತ್ರ ತಿದ್ದಬಹುದು, ಯಾವ ಮೂರು ಎಂಬುದು ಅಜ್ಜಿಯ ಆಯ್ಕೆ. ಅಮ್ಮನಿಗೆ ಈ ಮಿತವ್ಯಯ ಕಷ್ಟವಾಯಿತು. ಬೆರಳು ಮಡಿಸಿ ಎಣಿಸಿಕೊಳ್ಳುತ್ತಿದ್ದರು. ನಾಲ್ಕನೆಯ ತಪ್ಪು ಕೇಳಿದಾಗ ಮೊದಲಿನ ಮೂರರಲ್ಲಿ ಯಾವುದನ್ನು ಬಿಡಬಹುದು ಎಂದು ಲೆಕ್ಕ ಹಾಕುವುದು ಮುಖದಲ್ಲೇ ಕಾಣುತ್ತಿತ್ತು.

ಇಷ್ಟಾಗಿ, ಆ ತೊದಲು ಓದಿನಲ್ಲಿ ಏನೋ ಆಗತೊಡಗಿತು. ನಾನು ಸರಾಗವಾಗಿ ಓದಿದಾಗ ಅಮ್ಮ ಕೇಳಿಸಿಕೊಂಡು ನಿದ್ದೆ ಹೋಗುತ್ತಿದ್ದರು. ಮೊಮ್ಮಗಳು ಶಬ್ದವೊಂದರ ಮುಂದೆ ಸಿಕ್ಕಿಬಿದ್ದಾಗ ನಿದ್ದೆ ಹೋಗುವ ಹಾಗಿಲ್ಲ. ಆ ನಿಲುಗಡೆಯಲ್ಲಿ ಅಮ್ಮನಿಗೆ ಏನೇನೋ ನೆನಪು ಬರುತ್ತಿತ್ತು. ‘ಪಡಸಾಲೆ’ ಎಂದರೇನು ಎಂದು ಹುಡುಗಿ ಕೇಳಿದರೆ ತಿಪಟೂರಿನ ಮನೆಯ ಪಡಸಾಲೆ ಬರುತ್ತಿತ್ತು, ಅಲ್ಲಿ ಕೊಬ್ಬರಿ ಒಡೆಯಲು ಬರುತ್ತಿದ್ದವರು ಬರುತ್ತಿದ್ದರು. ‘ಬುತ್ತಿ’ ಎಂದರೆ ನನ್ನ ಅಪ್ಪ ಸೈಕಲ್ಲಿಗೆ ನೇತುಹಾಕಿಕೊಂಡು ಹೋಗುತ್ತಿದ್ದ ಡಬ್ಬಿ. ನಾನು ಹುಟ್ಟುವ ಮೊದಲೇ ತೀರಿಕೊಂಡ ಒಬ್ಬ ಚಿಕ್ಕಮ್ಮನ ಬಗ್ಗೆ ಅಮ್ಮ ಮೊದಲ ಬಾರಿಗೆ ಮಾತಾಡಿದ್ದು ಮಗಳು ‘ಮಲ್ಲಿಗೆದಂಡೆ’ಯನ್ನು ನಾಲ್ಕು ಸಲ ಓದಲು ಯತ್ನಿಸಿದ ರಾತ್ರಿ. ಕಾದಂಬರಿಯೊಳಗಿನವರು ಬಂದರೋ ಇಲ್ಲವೋ, ಇವರಂತೂ ಬಂದರು. ಕುಂಟಿಕೊಂಡೇ ಬಂದರು.

ಈಗ ಒಂದು ರಹಸ್ಯ ಹೇಳಬೇಕು. ನಾವು ಓದುತ್ತಿರುವ ಧಾರಾವಾಹಿಯಲ್ಲಿ ಒಂದು ಕಂತು ಇಲ್ಲ. 1979ರಲ್ಲಿ ಒಂದು ವಾರ ಪತ್ರಿಕೆ ಅಮ್ಮನ ಕೈಗೆ ಸಿಗಲೇ ಇಲ್ಲ. ಒಂದು ಕಂತಿನ ಕೊನೆಗೆ ನಾಯಕಿ ರಾತ್ರಿ ಹತ್ತು ಗಂಟೆಗೆ ಗುರುತಿಲ್ಲದ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳೇ ನಿಂತಿದ್ದಾಳೆ. ನಮ್ಮಲ್ಲಿರುವ ಮುಂದಿನ ಕಂತಿನಲ್ಲಿ ಅವಳು ಯಾರದೋ ಮನೆಯಲ್ಲಿ ಕಾಫಿ ಸೋಸುತ್ತಿದ್ದಾಳೆ. ನಡುವೆ ಏನಾಯಿತು? ಮಗಳು ಹಾಳೆ ತಿರುವಿ ಹಿಂದೆ ಮುಂದೆ ನೋಡಿ ಕಂಗಾಲಾದಳು. ಅಮ್ಮ ಸಮಾಧಾನವಾಗಿ, “ಪುಸ್ತಕ ಮುಚ್ಚು, ಅದನ್ನ ನಾನು ಹೇಳ್ತೀನಿ” ಎಂದರು. ಹೇಳಿದರು. ಕಂಡಕ್ಟರೊಬ್ಬ ಬಂದ, ಅವನ ತಾಯಿ ಊರಿನಲ್ಲಿ ಒಬ್ಬಳೇ ಇದ್ದಳು, ಹೀಗೆ. ಮೂರು ದಿನ ಬಿಟ್ಟು ಮಗಳು ಮತ್ತೆ ಕೇಳಿದಾಗ ಕಂಡಕ್ಟರ್ ಹೋಗಿ ಹೂ ಮಾರುವ ಹೆಂಗಸು ಬಂದಿದ್ದಳು.

ಫುಂಕೆಯವರ ಕಾದಂಬರಿಯಲ್ಲಿ ಫೆನೊಗ್ಲಿಯೊ ಎಂಬ ಮುದುಕನಿದ್ದಾನೆ. ಒಳಗಿನ ‘ಇಂಕ್‌ಹಾರ್ಟ್’ ಪುಸ್ತಕ ಬರೆದವನು ಅವನೇ. ಕಥೆಯನ್ನು ಬದಲಿಸಲು ಅವನು ಹೊಸ ವಾಕ್ಯಗಳನ್ನು ಬರೆಯುತ್ತಾನೆ, ಮೆಗ್ಗಿ ಅದನ್ನು ಓದುತ್ತಾಳೆ, ಖಳನ ಅಂತ್ಯವಾಗುತ್ತದೆ. “ಅಜ್ಜಿ ಫೆನೊಗ್ಲಿಯೊ!” ಎಂದು ಮಗಳು ಕುಣಿದಳು. ಮರುಗಳಿಗೆಗೆ ಅವಳಿಗೆ ಇಂದಿನ ಮಕ್ಕಳ ಬುದ್ಧಿ ಬಂತು: “ಆದ್ರೆ ನಿಜವಾಗ್ಲೂ ಏನಾಯ್ತು ಅಂತ ಹುಡುಕ್ಬಹುದಲ್ವಾ?”

ಹುಡುಕಬಹುದು. ಹಳೆಯ ವಾರಪತ್ರಿಕೆಗಳ ಸಂಪುಟಗಳನ್ನು ಕಾಪಾಡಿಟ್ಟಿರುವ ಗ್ರಂಥಾಲಯಗಳಿವೆ, ವರ್ಷ ಗೊತ್ತಿದ್ದರೆ ಒಂದು ಮಧ್ಯಾಹ್ನದ ಕೆಲಸ. ಅಮ್ಮನನ್ನು ಕೇಳಿದೆ. “ಬೇಡ ಕಣೇ” ಎಂದರು. “ಇಷ್ಟು ವರ್ಷ ಆ ಹುಡುಗೀನ ಬಸ್‌ಸ್ಟ್ಯಾಂಡಿಂದ ನಾನೇ ಮನೆ ಸೇರಿಸಿದೀನಿ. ಒಂದೊಂದ್ಸಲ ಒಂದೊಂದು ದಾರೀಲಿ. ಆ ಲೇಖಕರು ಯಾವ ದಾರೀಲಿ ಕರ್ಕೊಂಡು ಹೋದ್ರೋ, ಈಗ ತಿಳ್ಕೊಂಡು ಏನಾಗ್ಬೇಕು?” ಆ ಕಾದಂಬರಿಯ ಹೆಸರನ್ನು ಇಲ್ಲಿ ಬರೆಯದಿರುವುದು ಇದೇ ಕಾರಣಕ್ಕೆ. ಬರೆದರೆ ನಿಮ್ಮಲ್ಲಿ ಯಾರಾದರೂ ಪುಣ್ಯಾತ್ಮರು ಆ ಕಂತಿನ ಫೋಟೋ ತೆಗೆದು ಕಳಿಸಿಬಿಟ್ಟೀರಿ.

ಇನ್ನು ಎರಡನೆಯ ನಿಯಮ: ಏನೋ ಬಂದರೆ ಏನೋ ಹೋಗುತ್ತದೆ. ಇದನ್ನು ಮರೆತು ಪುಸ್ತಕದ ಮಾಯೆಯನ್ನು ಹೊಗಳುವುದು ಸುಲಭ, ಆದರೆ ಒಳ್ಳೆಯ ಕಥೆಗಾರರು ಮರೆಯುವುದಿಲ್ಲ. ಮಿಖಾಯೆಲ್ ಎಂಡೆ 1979ರಲ್ಲಿ ಬರೆದ ‘ದ ನೆವರ್‌ಎಂಡಿಂಗ್ ಸ್ಟೋರಿ’ಯಲ್ಲಿ ಬಾಸ್ಟಿಯನ್ ಎಂಬ ಹುಡುಗ ತಾನು ಓದುತ್ತಿದ್ದ ಪುಸ್ತಕದೊಳಗೇ ಸೇರಿಹೋಗುತ್ತಾನೆ. ಅಲ್ಲಿ ಅವನು ಬಯಸಿದ್ದೆಲ್ಲ ಆಗುತ್ತದೆ, ಆದರೆ ಬಯಕೆಯೊಂದು ಈಡೇರಿದಾಗ ತನ್ನ ಲೋಕದ ನೆನಪೊಂದು ಅಳಿಸಿಹೋಗುತ್ತದೆ. ಕೊನೆಗೆ ತನ್ನ ಹೆಸರೇ ಅವನಿಗೆ ಉಳಿಯುವುದಿಲ್ಲ. ನಮ್ಮ ಮನೆಯಲ್ಲೂ ಇಂಥದ್ದೊಂದು ನಡೆಯುತ್ತಿದೆಯೇನೋ ಎಂದು ನನಗೆ ಕೆಲವು ರಾತ್ರಿ ಅನ್ನಿಸುತ್ತದೆ. ಅಮ್ಮ ಈಗೀಗ ಬೆಳಗಿನ ತಿಂಡಿ ಏನು ತಿಂದೆ ಎಂಬುದನ್ನು ಮರೆಯುತ್ತಾರೆ. ಧಾರಾವಾಹಿಯ ನಾಯಕಿ ಮದುವೆಯ ದಿನ ಉಟ್ಟ ಸೀರೆಯ ಬಣ್ಣ ಮರೆಯುವುದಿಲ್ಲ. ಒಂದೊಂದು ಸಂಜೆ ಅವರು ಈ ಮೂರನೇ ಮಹಡಿಯ ಮನೆಗಿಂತ ಆ ಹಾಳೆಗಳೊಳಗೇ ಹೆಚ್ಚು ಇದ್ದಾರೆ. ಅವರನ್ನು ಹಿಡಿದು ನಿಲ್ಲಿಸಲು ನನಗೆ ತಿಳಿದಿಲ್ಲ. ನಿಲ್ಲಿಸಬೇಕೋ ಎಂಬುದೂ ತಿಳಿದಿಲ್ಲ.

ಮಗಳ ಕನ್ನಡ ಅಮ್ಮನ ಕನ್ನಡದ ಮಟ್ಟಕ್ಕೆ ಎಂದೂ ಬರಲಾರದು. ಇದನ್ನು ನಾನು ಒಪ್ಪಿಕೊಂಡಿದ್ದೇನೆ. ಅಮ್ಮನ ನಂತರ ಈ ಒಂಬತ್ತು ಪುಸ್ತಕಗಳನ್ನು ಅವಳು ತೆರೆಯುತ್ತಾಳೋ ಇಲ್ಲವೋ ಹೇಳಲಾರೆ. ಮೈಲುತುತ್ತ ಹುಳುಗಳನ್ನು ದೂರವಿಡಬಹುದು, ಮರೆವನ್ನಲ್ಲ. ಆದರೆ ಫುಂಕೆಯವರ ಕಥೆಯಲ್ಲಿ ನನಗೆ ಈಗ ಮೋಗಿಂತ ಡೇರಿಯಸ್ ದೊಡ್ಡವನಾಗಿ ಕಾಣುತ್ತಾನೆ. ಮೋನ ಶುದ್ಧ ಓದು ರೇಸಾಳನ್ನು ಕಳೆಯಿತು, ಆಮೇಲೆ ಎಷ್ಟು ಓದಿದರೂ ಮರಳಿ ತರಲಾಗಲಿಲ್ಲ. ಡೇರಿಯಸ್‌ನ ತೊದಲು ಓದು ಅವಳನ್ನು ತಂದಿತು. ಪೂರ್ತಿಯಾಗಿ ಅಲ್ಲ, ದನಿ ಅಲ್ಲೇ ಉಳಿಯಿತು. ಆದರೂ ಬಂದಳು, ಮಗಳನ್ನು ಕಂಡಳು, ಕೈಬರಹದಲ್ಲಿ ಮಾತಾಡಿದಳು. ಸ್ವಚ್ಛವಾಗಿ ಓದಬಲ್ಲವರು ಸಿಗುವವರೆಗೆ ಬಾಗಿಲು ಮುಚ್ಚಿರಲಿ ಎಂದು ಕಾದಿದ್ದರೆ ಅದೂ ಇರುತ್ತಿರಲಿಲ್ಲ. ಭಾಷೆಯ ಶುದ್ಧಿಯ ಬಗ್ಗೆ ನಾವು ಸಭೆಗಳಲ್ಲಿ ಆಡುವ ಮಾತುಗಳನ್ನೆಲ್ಲ ಡೇರಿಯಸ್‌ನ ಪಕ್ಕ ಇಟ್ಟು ಒಮ್ಮೆ ನೋಡಬೇಕು.

ಹೋದ ವಾರದ ಮಾತು. ಕಥೆ ಬಿಗಿಯಾದ ಜಾಗಕ್ಕೆ ಬಂದಿತ್ತು. ನಾಯಕಿಯ ಗಂಡ ಎಲ್ಲವನ್ನೂ ಮುಚ್ಚಿಟ್ಟಿದ್ದ ಕಾಗದವೊಂದು ಅವಳ ಕೈಗೆ ಸಿಕ್ಕಿದೆ. ಮಗಳು ಒಂದು ಪುಟ ಓದಿ ಮುಗಿಸಿದಳು. ಅದರಲ್ಲಿ ಏಳೆಂಟು ತಪ್ಪಿದ್ದವು, ಪಕ್ಕದ ಕೋಣೆಯಲ್ಲಿ ಕೂತ ನನಗೇ ಕೇಳಿಸಿತು. ಕಾಗದ ‘ಕಲವಳ’ದಿಂದ ತೆರೆದಳು, ಕಣ್ಣು ‘ಮಂಜಾಯಿತು’ ಎನ್ನುವಲ್ಲಿ ಎರಡು ಸಲ ಎಡವಿದಳು. ಪುಟದ ಕೊನೆಗೆ ನಿಂತು, ಒಪ್ಪಂದದಂತೆ ತಿದ್ದುಪಡಿಗೆ ಕಾದಳು. ಅಮ್ಮನ ಬೆರಳು ಒಂದೂ ಮಡಿಸಿರಲಿಲ್ಲ.

“ಅಜ್ಜಿ, ಮೂರು ತಪ್ಪು ಹೇಳು.”

ಅಮ್ಮ ಮುಖ ಅವಳ ದನಿ ಬಂದ ಕಡೆ ತಿರುಗಿಸಿ, ಸ್ವಲ್ಪ ರೇಗಿಯೇ ಕೇಳಿದರು: “ತಪ್ಪಿರಲಿ, ಮುಂದೇನಾಯ್ತು ಓದೇ!”